ಕಳುಹಿಸಿದವರು ಯಾರು? ಸೋಂಕು ತಗುಲಿದ ಕಂಪ್ಯೂಟರಿನ ಮೇಲ್ ಮತ್ತು ಒಂದು ಅಭ್ಯಾಸ ಪಾಠ

ಕಳೆದ ವರ್ಷದ ಅಭ್ಯಾಸ ಬೋಧನೆಯ ಅವಧಿಯಲ್ಲಿ ದೇವರ ಹಿಪ್ಪರಗಿಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೆಯ ತರಗತಿಗೆ ಇ-ಮೇಲ್ ಬಳಕೆ ಮತ್ತು ಸುರಕ್ಷತೆ ಕುರಿತು ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪತ್ರ ಹಿಡಿದು ಕುಳಿತಿದ್ದೆ. ಪಾಠ ಚೆನ್ನಾಗಿಯೇ ನಡೆಯಿತು. ಪೀಠಿಕೆ ಚುರುಕಾಗಿತ್ತು, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟಾಗಿತ್ತು. ಕೊನೆಗೆ ಹಲಗೆಯ ಮೇಲೆ ಎರಡು ಸಾಲು ಉಳಿದವು: ಅಪರಿಚಿತರಿಂದ ಬಂದ ಮೇಲ್ ತೆರೆಯಬೇಡಿ, ತೊಂದರೆ ಕೊಡುವವರನ್ನು ಬ್ಲಾಕ್ ಮಾಡಿ. ಮಕ್ಕಳು ಅದನ್ನು ಬರೆದುಕೊಂಡರು. ಆಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಟೀಚರ್, ಗುರುತಿನವರ ಕಂಪ್ಯೂಟರಿಗೇ ಜಡ್ಡ ಬಂದಿದ್ರ ಏನ್ ಮಾಡ್ಬೇಕ್ರಿ?”

ಪ್ರಶಿಕ್ಷಣಾರ್ಥಿ ಕ್ಷಣಕಾಲ ತಡವರಿಸಿ, “ಆಗ ಅವರನ್ನೂ ಬ್ಲಾಕ್ ಮಾಡಬೇಕು” ಎಂದರು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾನು ‘ಪ್ರಶ್ನೆಗಳಿಗೆ ಸ್ಪಂದನೆ’ ಎಂಬ ಕಾಲಮಿನಲ್ಲಿ ‘ಉತ್ತಮ’ ಎಂದು ಗುರುತು ಹಾಕಿ ಸಹಿ ಮಾಡಿದೆ. ಆ ಉತ್ತರ ತಪ್ಪು ಎಂದು ನನಗೆ ಅನಿಸಲೇ ಇಲ್ಲ. ಅದು ಎಷ್ಟು ತಪ್ಪು ಎಂಬುದು ಮೂರು ವಾರಗಳಲ್ಲಿ ತಿಳಿಯಿತು. ಈ ಲೇಖನ ಬರೆಯುತ್ತಿರುವುದು ಆ ಕಾರಣಕ್ಕೆ.

ಆದದ್ದು ಇಷ್ಟು. ನಮ್ಮ ಕಾಲೇಜಿನ ಕಚೇರಿಯ ಕಂಪ್ಯೂಟರಿಗೆ ಶುಲ್ಕದ ರಸೀದಿ ಎಂಬ ಹೆಸರಿನ ಒಂದು ವರ್ಡ್ ಕಡತ ಮೇಲ್‌ನಲ್ಲಿ ಬಂದಿತ್ತು. ತೆರೆದಾಗ ಮೇಲುಗಡೆ ಹಳದಿ ಪಟ್ಟಿಯೊಂದು ಕಾಣಿಸಿಕೊಂಡು, ‘ಎನೇಬಲ್ ಕಂಟೆಂಟ್’ ಒತ್ತಬೇಕೆಂದಿತು. ಒತ್ತಿದರು. ಕಡತದಲ್ಲಿ ಏನೂ ಇರಲಿಲ್ಲ, ಮುಚ್ಚಿದರು. ಅದರೊಳಗಿನ ಮ್ಯಾಕ್ರೊ ಮಾತ್ರ ತನ್ನ ಕೆಲಸ ಮುಗಿಸಿತ್ತು. ನಮ್ಮ ವಿಳಾಸ ಪುಸ್ತಕವನ್ನೂ ಹಳೆಯ ಪತ್ರವ್ಯವಹಾರವನ್ನೂ ಹೊತ್ತುಕೊಂಡು ಹೋಯಿತು.

ಮುಂದಿನ ವಾರದಿಂದ ಸುತ್ತಲಿನ ಶಾಲೆಗಳಿಗೆ ನಮ್ಮ ಕಾಲೇಜಿನ ಹೆಸರಿನಲ್ಲಿ ಮೇಲ್‌ಗಳು ಹೋಗತೊಡಗಿದವು. ವಿಷಯದ ಸಾಲಿನಲ್ಲಿ ನಾವೇ ಹಿಂದೊಮ್ಮೆ ಬರೆದಿದ್ದ ‘ಅಭ್ಯಾಸ ಬೋಧನೆಗೆ ಅವಕಾಶ ಕೋರಿ’ ಎಂಬ ಮಾತು, ಕೆಳಗೆ ನಮ್ಮ ನಿಜವಾದ ಹಳೆಯ ಪತ್ರ, ಜೊತೆಗೊಂದು ಜಿಪ್ ಕಡತ, ಅದನ್ನು ತೆರೆಯುವ ಪಾಸ್‌ವರ್ಡ್. ಮೇಲೆ ಹೇಳಿದ ಶಾಲೆಗೂ ಇಂಥ ಮೇಲ್ ಹೋಯಿತು. ಅಲ್ಲಿನವರು ಜಾಣರು, ತೆರೆಯಲಿಲ್ಲ, ಬ್ಲಾಕ್ ಮಾಡಿದರು. ಮರುದಿನ ಮತ್ತೊಂದು ಬಂತು, ಮತ್ತೆ ಬ್ಲಾಕ್. ಮೂರನೆಯದೂ ಬಂತು. ಬೇಸತ್ತು, ಕಳುಹಿಸಿದವರ ಹೆಸರಿನ ಜಾಗದಲ್ಲಿ ನಮ್ಮ ಕಾಲೇಜಿನ ಹೆಸರಿರುವ ಯಾವ ಮೇಲ್ ಬಂದರೂ ತಾನಾಗಿಯೇ ಅಳಿಸಿಹೋಗುವಂತೆ ಒಂದು ಫಿಲ್ಟರ್ ಹಾಕಿದರು. ಅಂದರೆ ನಮ್ಮ ಪಾಠದ ಎರಡನೆಯ ಸಾಲನ್ನು ಅಕ್ಷರಶಃ ಪಾಲಿಸಿದರು.

ಆಮೇಲೆ ನಾವು ಕಳುಹಿಸಿದ ನಿಜವಾದ ಮೇಲ್, ಆರು ಪ್ರಶಿಕ್ಷಣಾರ್ಥಿಗಳ ಹೆಸರು ಮತ್ತು ಇಂಟರ್ನ್‌ಶಿಪ್ ಆರಂಭದ ದಿನಾಂಕವಿದ್ದದ್ದು, ಅದೇ ಫಿಲ್ಟರಿಗೆ ಸಿಕ್ಕಿ ಕಸದ ಬುಟ್ಟಿ ಸೇರಿತು. ಸೋಮವಾರ ಬೆಳಿಗ್ಗೆ ಆರು ಜನ ಬಸ್ಸಿಳಿದು ಶಾಲೆಗೆ ಹೋದರೆ, “ನಿಮ್ಮ ಕಾಲೇಜಿನಿಂದ ಪತ್ರನ ಬಂದಿಲ್ರಿ” ಎಂದು ಹಿಂದಕ್ಕೆ ಕಳುಹಿಸಿದರು. ನಾವು “ಕಳಿಸೇವಿ” ಎಂದೆವು, ಅವರು “ಬಂದಿಲ್ಲ” ಎಂದರು. ಇಬ್ಬರೂ ಹೇಳಿದ್ದು ನಿಜ. ನಾಲ್ಕು ದಿನ ಹೋಯಿತು. ಎರಡು ವರ್ಷದ ಬಿ.ಇಡಿ.ನಲ್ಲಿ ಎರಡನೆಯ ವರ್ಷದ ಇಂಟರ್ನ್‌ಶಿಪ್ 16 ವಾರ ಇರಲೇಬೇಕು ಎಂಬುದು ಎನ್‌ಸಿಟಿಇಯ 2014ರ ನಿಯಮ. ಆ ನಾಲ್ಕು ದಿನವನ್ನು ಅವರು ರಜೆಯಲ್ಲಿ ತುಂಬಿಕೊಡಬೇಕಾಯಿತು. ಅವರಲ್ಲೊಬ್ಬರು ಅದೇ ವಾರ ತಂಗಿಯ ನಿಶ್ಚಿತಾರ್ಥಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ.

ಮೂರು ‘ಯಾರು’ಗಳು

ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಮೊದಲು ಸ್ಪಷ್ಟವಾದದ್ದು, ‘ಕಳುಹಿಸಿದವರು’ ಎಂಬ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಬೆರೆಸುತ್ತೇವೆ ಎಂಬುದು. ಮೊದಲನೆಯದು ಕಾಣುವ ಹೆಸರು. ಮೊಬೈಲಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಇದೇ. ಇದನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಎರಡನೆಯದು ಮೇಲ್ ವಿಳಾಸ. ಮೂರನೆಯದು ಆ ಮೇಲನ್ನು ನಿಜವಾಗಿ ತಂದು ಒಪ್ಪಿಸಿದ ಯಂತ್ರ, ಅದಕ್ಕೊಂದು ಐಪಿ ಸಂಖ್ಯೆ ಇರುತ್ತದೆ. ಆ ಶಾಲೆಗೆ ಬಂದ ಮೂರು ಮೇಲ್‌ಗಳಲ್ಲಿ ಹೆಸರು ನಮ್ಮದು, ವಿಳಾಸಗಳು ಮೂರೂ ಬೇರೆ, ನಮಗೆ ಗುರುತಿಲ್ಲದವರವು, ಯಂತ್ರಗಳೂ ಬೇರೆ. ಅವರು ಮೊದಲ ಮೂರು ಸಲ ಬ್ಲಾಕ್ ಮಾಡಿದ್ದು ವಿಳಾಸವನ್ನು. ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಆ ವಿಳಾಸಗಳ ಒಡೆಯರೂ ಸೋಂಕಿಗೆ ಸಿಕ್ಕವರೇ. ನಾಳೆ ಮತ್ತೊಬ್ಬರ ಖಾತೆಯಿಂದ ಬರುತ್ತದೆ. ನಾಲ್ಕನೆಯ ಸಲ ತಡೆದದ್ದು ಹೆಸರನ್ನು. ಅದರಿಂದ ಪೆಟ್ಟು ಬಿದ್ದದ್ದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ.

ಮೇಲ್ ವ್ಯವಸ್ಥೆಯಲ್ಲಿ ಇಷ್ಟು ಸಡಿಲ ಏಕೆ? ಇಂದಿಗೂ ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿಯನ್ನು ಜೊನಾಥನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟಾಗ ಜಾಲದಲ್ಲಿ ಇದ್ದದ್ದು ಕೆಲವೇ ನೂರು ಕಂಪ್ಯೂಟರ್‌ಗಳು. ಹೆಚ್ಚಿನವು ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳವು. ಕಳುಹಿಸುವ ಯಂತ್ರ “ಇದು ಇಂಥವರಿಂದ” ಎನ್ನುತ್ತದೆ, ಪಡೆಯುವ ಯಂತ್ರ “ಆಗಲಿ” ಎನ್ನುತ್ತದೆ. ಅಷ್ಟೇ. ನಮ್ಮ ಅಂಚೆಯೂ ಹಾಗೆಯೇ. ಇನ್‌ಲ್ಯಾಂಡ್ ಪತ್ರದ ಹಿಂದೆ ‘ಇಂದ’ ಎಂಬಲ್ಲಿ ನಾನು ಯಾರ ಹೆಸರು ಬರೆದರೂ ಪೋಸ್ಟ್‌ಮನ್ ಕೇಳುವುದಿಲ್ಲ. ಆದರೆ ಅಂಚೆ ಕಚೇರಿಯ ಮುದ್ರೆಯನ್ನು ನಾನು ಹಾಕಲಾರೆ. ಮೇಲ್‌ಗೂ ಅಂಥ ಮುದ್ರೆಗಳಿವೆ. ಮೇಲ್ ಹಾದುಬಂದ ಪ್ರತಿ ಸರ್ವರ್ ‘ರಿಸೀವ್ಡ್’ ಎಂಬ ಒಂದು ಸಾಲನ್ನು ಮೇಲುಗಡೆ ಸೇರಿಸುತ್ತದೆ. ಜಿಮೇಲ್ ಅನ್ನು ಕಂಪ್ಯೂಟರಿನಲ್ಲಿ ತೆರೆದು, ಮೇಲ್‌ನ ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಎಂದರೆ ಇವೆಲ್ಲ ಕಾಣುತ್ತವೆ. ಒಂದು ಎಚ್ಚರಿಕೆ: ಕೆಳಗಿನ ಸಾಲುಗಳನ್ನು ವಂಚಕರು ಮೊದಲೇ ಸುಳ್ಳು ಬರೆದಿಟ್ಟಿರಬಹುದು. ನಂಬಬಹುದಾದದ್ದು ನಮ್ಮದೇ ಸರ್ವರ್ ಹಾಕಿದ ಸಾಲು ಮಾತ್ರ, ಅಂದರೆ ನಮ್ಮ ಊರಿನ ಅಂಚೆ ಕಚೇರಿ ಹಾಕಿದ ಮುದ್ರೆ.

ವೈರಸ್‌ಗಳು ಈ ಸಡಿಲವನ್ನು ಮೆಲ್ಲಗೆ ಕಲಿತುಕೊಂಡವು. 1999ರ ಮಾರ್ಚಿನಲ್ಲಿ ಹರಡಿದ ಮೆಲಿಸ್ಸಾ ವರ್ಡ್ ಕಡತದ ಮ್ಯಾಕ್ರೊದಲ್ಲಿ ಅಡಗಿ, ಸಿಕ್ಕವರ ವಿಳಾಸ ಪುಸ್ತಕದ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಹೋಗುತ್ತಿತ್ತು. ಇವೆರಡರಲ್ಲಿ ಕಾಣುವ ಹೆಸರು ನಿಜವಾಗಿ ಸೋಂಕು ತಗುಲಿದವರದೇ. ಫೋನ್ ಮಾಡಿ “ನಿಮ್ಮ ಕಂಪ್ಯೂಟರ್ ನೋಡಿಕೊಳ್ರಿ” ಎನ್ನಬಹುದಿತ್ತು. 2003ರ ಆಗಸ್ಟಿನಲ್ಲಿ ಹಬ್ಬಿದ ಸೋಬಿಗ್-ಎಫ್ ಬಂದ ಮೇಲೆ ಅದೂ ಆಗದಾಯಿತು. ಅದು ತನ್ನೊಳಗೇ ಮೇಲ್ ಕಳುಹಿಸುವ ಯಂತ್ರವನ್ನು ಹೊತ್ತಿತ್ತು; ಸೋಂಕಿನ ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳಲ್ಲಿ ಒಂದನ್ನು ‘ಇವರಿಂದ’ ಎಂದೂ ಇನ್ನೊಂದನ್ನು ‘ಇವರಿಗೆ’ ಎಂದೂ ಬಳಸುತ್ತಿತ್ತು. ಇಂಡಿಯ ಕಂಪ್ಯೂಟರಿಗೆ ಜಡ್ಡು, ಮೇಲ್ ಹೋಗುವುದು ಸಿಂದಗಿಗೆ, ಹೆಸರು ಬಸವನ ಬಾಗೇವಾಡಿಯವರದು.

ಆಗ ನಡೆದ ಇನ್ನೊಂದು ತಮಾಷೆ ಶಿಕ್ಷಕರಾದ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅನೇಕ ಸಂಸ್ಥೆಗಳ ಸರ್ವರ್‌ಗಳಲ್ಲಿ ವೈರಸ್ ತಪಾಸಣೆ ಇತ್ತು. ಅವು ವೈರಸ್ ಹಿಡಿದು, “ನೀವು ವೈರಸ್ ಕಳುಹಿಸಿದ್ದೀರಿ” ಎಂದು ‘ಕಳುಹಿಸಿದವರಿಗೆ’ ತಾವಾಗಿಯೇ ಉತ್ತರ ಬರೆಯುತ್ತಿದ್ದವು. ಆ ಬೈಗುಳ ಹೋಗುತ್ತಿದ್ದದ್ದು ಏನೂ ಅರಿಯದ ಬಾಗೇವಾಡಿಯವರಿಗೆ. ಹಿಂದಿನ ಬೆಂಚಿನವನು ಸೀಟಿ ಹೊಡೆದರೆ ಮುಂದಿನವನನ್ನು ಎಬ್ಬಿಸಿ ನಿಲ್ಲಿಸಿದಂತೆ. ಒಂದು ವೈರಸ್ ಮೇಲ್‌ಗೆ ಒಂದು ಬೈಗುಳದ ಮೇಲ್ ಸೇರಿ ಕಸ ಇಮ್ಮಡಿಯಾಯಿತು. ಈಗ ಒಳ್ಳೆಯ ಸರ್ವರ್‌ಗಳು ಹೀಗೆ ಮಾಡುವುದಿಲ್ಲ. ಮೇಲ್ ತಂದ ಯಂತ್ರ ಬಾಗಿಲಲ್ಲಿ ನಿಂತಿರುವಾಗಲೇ “ಇದು ಬೇಡ” ಎಂದು ಹಿಂತಿರುಗಿಸುತ್ತವೆ.

ಯಂತ್ರವನ್ನು ತಡೆಯುವುದು

ಹಾಗಾದರೆ ತಡೆಯಬೇಕಾದದ್ದು ಮೂರನೆಯ ‘ಯಾರು’, ಅಂದರೆ ಯಂತ್ರ. ಇದನ್ನು ನಾವು ಬಳಕೆದಾರರು ಮಾಡುವಂತಿಲ್ಲ, ಮೇಲ್ ಸರ್ವರ್ ನಡೆಸುವವರು ಮಾಡುತ್ತಾರೆ. 1997ರಲ್ಲಿ ಪಾಲ್ ವಿಕ್ಸಿ ಇಂಥ ಮೊದಲ ತಡೆಪಟ್ಟಿಯೊಂದನ್ನು ಶುರುಮಾಡಿದರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಥಾಪಿಸಿದ ಸ್ಪ್ಯಾಮ್‌ಹೌಸ್ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಸೋಂಕಿಗೆ ಸಿಕ್ಕು ಪರರ ಅಂಕೆಯಲ್ಲಿರುವ ಕಂಪ್ಯೂಟರ್‌ಗಳಿಗೇ ಒಂದು ಪ್ರತ್ಯೇಕ ಪಟ್ಟಿಯಿದೆ, ಎಕ್ಸ್‌ಬಿಎಲ್ ಎನ್ನುತ್ತಾರೆ. ಕೆಲಸ ಮಾಡುವ ರೀತಿ ಸರಳ. 192.0.2.25 ಎಂಬ ಸಂಖ್ಯೆಯ ಯಂತ್ರ ಮೇಲ್ ತಂದಿದೆ ಎನ್ನೋಣ. ಪಡೆಯುವ ಸರ್ವರ್ ಆ ಸಂಖ್ಯೆಯನ್ನು ತಿರುಗಾಮುರುಗಾ ಮಾಡಿ 25.2.0.192 ಎಂದು ಬರೆದು, ಅದರ ಮುಂದೆ ಪಟ್ಟಿಯ ಹೆಸರು ಸೇರಿಸಿ, ಒಂದು ಜಾಲತಾಣದ ಹೆಸರನ್ನು ವಿಚಾರಿಸುವಂತೆಯೇ ವಿಚಾರಿಸುತ್ತದೆ. ‘ಅಂಥ ಹೆಸರಿಲ್ಲ’ ಎಂದು ಉತ್ತರ ಬಂದರೆ ಪಟ್ಟಿಯಲ್ಲಿ ಇಲ್ಲ. 127ರಿಂದ ಶುರುವಾಗುವ ಒಂದು ಸಂಖ್ಯೆ ಬಂದರೆ ಇದೆ ಎಂದರ್ಥ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಈ ಪದ್ಧತಿಯಲ್ಲಿ ನಿರಪರಾಧಿಗಳಿಗೂ ಏಟು ಬೀಳುತ್ತದೆ. ಒಂದೇ ಬಾಡಿಗೆಯ ಸರ್ವರಿನಲ್ಲಿ ನೂರಾರು ಸಂಸ್ಥೆಗಳ ಮೇಲ್ ಇರುತ್ತದೆ, ಅವುಗಳಲ್ಲಿ ಒಂದಕ್ಕೆ ಸೋಂಕು ತಗುಲಿದರೂ ಆ ಸರ್ವರಿನ ಸಂಖ್ಯೆ ಪಟ್ಟಿ ಸೇರಿ ಎಲ್ಲರ ಮೇಲೂ ಹಿಂದಿರುಗುತ್ತದೆ. ಒಬ್ಬ ಹುಡುಗ ಗಲಾಟೆ ಮಾಡಿದ್ದಕ್ಕೆ ಇಡೀ ತರಗತಿಗೆ ಆಟದ ಅವಧಿ ಕಡಿತ ಮಾಡುವ ನಮ್ಮ ಪದ್ಧತಿ ನೆನಪಾಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಸ್ವಚ್ಛ ಮಾಡಿಕೊಂಡ ಮೇಲೆ ಅರ್ಜಿ ಕೊಟ್ಟು ಪಟ್ಟಿಯಿಂದ ಹೊರಬರಬಹುದು.

ಎರಡನೆಯ ಉಪಾಯ ನನಗೆ ಬಹಳ ಹಿಡಿಸಿತು. 2003ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಮುಂದಿಟ್ಟದ್ದು, ಗ್ರೇಲಿಸ್ಟಿಂಗ್ ಎಂದು ಹೆಸರು. ಮಕ್ಕಳಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಾಗ ನಮ್ಮ ಪ್ರಶಿಕ್ಷಣಾರ್ಥಿಯೇ ದಾರಿ ತೋರಿಸಿದರು: “ಸರ್, ಇದು ‘ನಾಳೆ ಬಾ’ ಅಲ್ಲೇನ್ರಿ?” ಕೆಲವು ದಶಕಗಳ ಹಿಂದೆ ಕರ್ನಾಟಕದ ಊರೂರುಗಳಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆ ಎಂಬ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಿರಿಯರಿಗೆ ನೆನಪಿದೆ. ಗ್ರೇಲಿಸ್ಟಿಂಗ್ ಮಾಡುವುದು ಅದನ್ನೇ. ಹೊಸ ಯಂತ್ರವೊಂದು ಮೇಲ್ ತಂದರೆ “ಈಗ ಆಗದು, ಸ್ವಲ್ಪ ಹೊತ್ತು ಬಿಟ್ಟು ಬಾ” ಎನ್ನುತ್ತದೆ. ಸರಿಯಾದ ಮೇಲ್ ಸರ್ವರ್ ಆ ಮೇಲನ್ನು ಸಾಲಿನಲ್ಲಿಟ್ಟುಕೊಂಡು ಕೆಲವು ನಿಮಿಷಗಳ ನಂತರ ಮತ್ತೆ ಬರುತ್ತದೆ. ಹಾಗೆ ಬರಬೇಕೆಂಬುದು ಮೇಲ್ ಪದ್ಧತಿಯಲ್ಲೇ ಇದೆ. ಸೋಂಕಿನ ಕಂಪ್ಯೂಟರಿನೊಳಗಿನ ವೈರಸ್‌ಗೆ ಅಷ್ಟು ಪುರುಸೊತ್ತಿಲ್ಲ, ಅದು ಸಾವಿರಾರು ವಿಳಾಸಗಳಿಗೆ ಎರಚುತ್ತಾ ಮುಂದೆ ಹೋಗುತ್ತದೆ. ದೆವ್ವ ದಿನಾ ‘ನಾಳೆ ಬಾ’ ಓದಿ ಹಿಂದಿರುಗುತ್ತಿತ್ತಂತೆ. ಇಲ್ಲಿ ಮರಳಿ ಬಂದವರಿಗೆ ಬಾಗಿಲು ತೆರೆಯುತ್ತದೆ, ಹೋಲಿಕೆ ಅಲ್ಲಿಗೆ ಮುರಿಯುತ್ತದೆ. ಮುಂದೆ ಕೆಲವು ವೈರಸ್‌ಗಳು ಮರಳಿ ಬರುವುದನ್ನೂ ಕಲಿತವು. ಒಟಿಪಿಯಂಥ ತುರ್ತು ಮೇಲ್ ತಡವಾಗುತ್ತದೆ ಎಂಬ ತಕರಾರೂ ಇದೆ.

ಮೂರನೆಯದು ಹೊರಬಾಗಿಲಿನಲ್ಲೇ ತಡೆಯುವುದು. ಸರ್ವರ್‌ಗಳು ತಮ್ಮತಮ್ಮಲ್ಲಿ ಮೇಲ್ ಹಂಚಿಕೊಳ್ಳುವುದು 25ನೆಯ ಪೋರ್ಟಿನ ಮೂಲಕ. ಮನೆಯ ಕಂಪ್ಯೂಟರಿಗೆ ಆ ದಾರಿ ಬೇಕಿಲ್ಲ. ಅದು 587ನೆಯ ಪೋರ್ಟಿನಲ್ಲಿ, ಪಾಸ್‌ವರ್ಡ್ ಕೊಟ್ಟು, ತನ್ನ ಸರ್ವರಿಗೆ ಒಪ್ಪಿಸಿದರೆ ಸಾಕು. ಹಾಗಾಗಿ ಹಲವು ಇಂಟರ್ನೆಟ್ ಸೇವಾದಾರರು ಮನೆಗಳಿಂದ 25ನ್ನು ಮುಚ್ಚುತ್ತಾರೆ. ಸೋಬಿಗ್‌ನಂತೆ ತನ್ನದೇ ಯಂತ್ರ ಹೊತ್ತು ತಂದ ವೈರಸ್‌ಗೆ ಆಗ ಹೊರಗೆ ಹೋಗಲು ದಾರಿಯಿಲ್ಲ.

ನಾಲ್ಕನೆಯದು ಒಡೆಯನನ್ನು ಹಿಡಿಯುವುದು. ಸೋಂಕಿಗೆ ಸಿಕ್ಕ ಸಾವಿರಾರು ಕಂಪ್ಯೂಟರ್‌ಗಳು ಎಲ್ಲಿಂದಲೋ ಅಪ್ಪಣೆಗೆ ಕಾಯುತ್ತಿರುತ್ತವೆ, ಈ ಪಡೆಗೆ ಬಾಟ್‌ನೆಟ್ ಎನ್ನುತ್ತಾರೆ. 2008ರ ನವೆಂಬರಿನಲ್ಲಿ ಅಮೆರಿಕದ ಮ್ಯಾಕ್‌ಕೊಲೊ ಎಂಬ ಸಂಸ್ಥೆಯ ಇಂಟರ್ನೆಟ್ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಗೇ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಸೋಂಕಿನ ಕಂಪ್ಯೂಟರ್‌ಗಳೆಲ್ಲ ಇದ್ದಲ್ಲೇ ಇದ್ದವು, ಅಪ್ಪಣೆ ಕೊಡುವ ಸರ್ವರ್‌ಗಳು ಅಲ್ಲಿದ್ದವು. ಕೆಲವು ತಿಂಗಳಲ್ಲಿ ಮತ್ತೆ ಏರಿತು ಎನ್ನುವುದು ಬೇರೆ ಮಾತು. ನಮಗೆ ತಗುಲಿದಂಥ, ಹಳೆಯ ಪತ್ರವ್ಯವಹಾರ ಕದ್ದು ಅದಕ್ಕೇ ಉತ್ತರ ಬರೆದಂತೆ ನಟಿಸುವ ಜಾತಿಯ ವೈರಸ್‌ಗಳಲ್ಲಿ ಹೆಸರಾದದ್ದು ಎಮೊಟೆಟ್. ಅದರ ಸರ್ವರ್‌ಗಳನ್ನು 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ವಶಪಡಿಸಿಕೊಂಡರು. ಅದೂ ವರ್ಷದೊಳಗೆ ಮತ್ತೆ ತಲೆಯೆತ್ತಿತು. ನಮ್ಮ ದೇಶದಲ್ಲಿ ಸೋಂಕಿನ ಕಂಪ್ಯೂಟರ್‌ಗಳನ್ನು ಗುರುತಿಸಿ ಇಂಟರ್ನೆಟ್ ಸೇವಾದಾರರ ಮೂಲಕ ಒಡೆಯರಿಗೆ ತಿಳಿಸಲು ಸಿಇಆರ್‌ಟಿ-ಇನ್ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಬಾಟ್ ತೆಗೆಯುವ ಉಪಕರಣಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ‘ಕಂಪ್ಯೂಟರಿಗೆ ಜಡ್ಡು ಬಂದರೆ ಎಲ್ಲಿಗೆ ಹೋಗಬೇಕು’ ಎಂದು ಮಕ್ಕಳು ಕೇಳಿದರೆ ಹೇಳಲು ಇದೊಂದು ಹೆಸರು ನಮ್ಮ ಬಳಿ ಇರಲಿ.

ಮುದ್ರೆ, ಅರಗು, ಅಪ್ಪಣೆ

ವಿಳಾಸ ನಕಲು ಮಾಡುವುದನ್ನು ತಡೆಯಲು ಮೂರು ಏರ್ಪಾಡುಗಳಿವೆ. ಕಾಲೇಜಿನ ಜಾಲತಾಣ ನೋಡಿಕೊಳ್ಳುವವರ ಬಾಯಲ್ಲಿ ಇವು ಬರುತ್ತಿರುತ್ತವೆ, ಆದ್ದರಿಂದ ತಿಳಿದಿರಲಿ. ಎಸ್‌ಪಿಎಫ್ ಎಂದರೆ, ‘ನಮ್ಮ ಹೆಸರಿನ ಪತ್ರಗಳು ಈ ಈ ಅಂಚೆ ಕಚೇರಿಗಳಿಂದ ಮಾತ್ರ ಹೊರಡುತ್ತವೆ’ ಎಂದು ಎಲ್ಲರಿಗೂ ಕಾಣುವಂತೆ ಬರೆದಿಡುವುದು. ಡಿಕಿಮ್ ಎಂದರೆ ಪತ್ರಕ್ಕೆ ಅರಗಿನ ಮುದ್ರೆ ಒತ್ತುವುದು. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುದ್ರೆ ಒಡೆಯುತ್ತದೆ. ಡಿಮಾರ್ಕ್ ಎಂದರೆ, ‘ಇವೆರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕು’ ಎಂದು ಒಡೆಯನೇ ಕೊಡುವ ಅಪ್ಪಣೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಾಮೂಹಿಕವಾಗಿ ಮೇಲ್ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಗೂಗಲ್ ದಿನಕ್ಕೆ 5000 ಎಂಬ ಗೆರೆ ಎಳೆದಿದೆ.

ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಹುಟ್ಟೂರು. ಶರಣರ ಮಡಿಬಟ್ಟೆ ಹೊತ್ತು ಬರುವಾಗ ದಾರಿಯಲ್ಲಿ ಯಾರೂ ಮುಟ್ಟದಿರಲೆಂದು ಅವರು ಗಂಟೆ ಬಾರಿಸುತ್ತಿದ್ದರು ಎಂಬ ಕತೆಯಿದೆ. ಡಿಕಿಮ್ ಹೇಳಿಕೊಡಲು ಪ್ರಶಿಕ್ಷಣಾರ್ಥಿ ಈ ಕತೆಯನ್ನು ಬಳಸಿದರು, ಮಕ್ಕಳ ಮುಖ ಅರಳಿತು. ನನ್ನ ಟಿಪ್ಪಣಿಯಲ್ಲಿ ಮಾತ್ರ ಒಂದು ಆಕ್ಷೇಪ ಬರೆದೆ. ಗಂಟೆ ಮುಟ್ಟುವ ಮೊದಲೇ ಎಚ್ಚರಿಸುತ್ತದೆ, ಅರಗಿನ ಮುದ್ರೆ ಮುಟ್ಟಿದ ಮೇಲೆ ತಿಳಿಸುತ್ತದೆ. ಸ್ಥಳೀಯ ಉದಾಹರಣೆ ಸಿಕ್ಕ ಖುಷಿಯಲ್ಲಿ ಪರಿಕಲ್ಪನೆ ಜಾರಬಾರದು.

ಈಗ ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಈ ಮೂರೂ ಇದ್ದಿದ್ದರೆ ನಮ್ಮ ಪ್ರಸಂಗ ತಪ್ಪುತ್ತಿತ್ತೇ? ಇಲ್ಲ. ಶಾಲೆಗೆ ಬಂದ ಮೇಲ್‌ಗಳಲ್ಲಿ ನಕಲಾದದ್ದು ನಮ್ಮ ಹೆಸರು, ವಿಳಾಸವಲ್ಲ. ವಿಳಾಸ ಬೇರೆ ಯಾರದೋ ನಿಜವಾದ ಖಾತೆ. ಅದರ ಪಾಸ್‌ವರ್ಡ್ ಕದ್ದು, ಅವರದೇ ಸರ್ವರಿನಿಂದ, ಅವರದೇ ಮುದ್ರೆಯೊಂದಿಗೆ ಕಳುಹಿಸಿದ್ದು. ಪರೀಕ್ಷೆ ಮೂರರಲ್ಲೂ ಪಾಸು. ಸೋಂಕಿಗೆ ಸಿಕ್ಕ ಗುರುತಿನವರಿಂದ ಬರುವ ಮೇಲ್‌ನ ಕಷ್ಟವೇ ಇದು: ಅದು ಸುಳ್ಳು ವಿಳಾಸದಿಂದ ಬಂದದ್ದಲ್ಲ. ಪದಗಳನ್ನು ಎಣಿಸಿ ಸ್ಪ್ಯಾಮ್ ಗುರುತಿಸುವ ಫಿಲ್ಟರ್‌ಗಳಿಗೂ (2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದ ನಂತರ ಇವು ಮನೆಮಾತಾದವು) ಇಲ್ಲಿ ಹಿಡಿತ ಸಿಗದು, ಏಕೆಂದರೆ ಪತ್ರದ ಪದಗಳೆಲ್ಲ ನಮ್ಮವೇ. ಉಳಿಯುವುದು ಲಗತ್ತು. ಜಿಮೇಲ್‌ನಂಥ ಸೇವೆಗಳು ಲಗತ್ತನ್ನು ಬಿಚ್ಚಿ ನೋಡಿ ತಡೆಯುತ್ತವೆ. ಅದಕ್ಕೆಂದೇ ವಂಚಕರು ಜಿಪ್‌ಗೆ ಬೀಗ ಹಾಕುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ತಪಾಸಣೆ ನಡೆಯದು. ಬೀಗದ ಕೈಯನ್ನು ಅದೇ ಪತ್ರದಲ್ಲಿ ಬರೆದು ಕಳುಹಿಸುವವರು ಯಾರು? ಗುಟ್ಟು ಕಾಯಬೇಕಾದವರಂತೂ ಅಲ್ಲ. ಈ ಒಂದು ಲಕ್ಷಣವನ್ನು ಮಕ್ಕಳಿಗೆ ಹೇಳಿಕೊಟ್ಟರೆ ‘ಅಪರಿಚಿತರ ಮೇಲ್ ತೆರೆಯಬೇಡಿ’ ಎನ್ನುವುದಕ್ಕಿಂತ ಹತ್ತು ಪಾಲು ಉಪಯೋಗ. ಹಳದಿ ಪಟ್ಟಿಯದೂ ಹಾಗೆಯೇ. ಇಂಟರ್ನೆಟ್‌ನಿಂದ ಬಂದ ಕಡತಗಳಲ್ಲಿನ ಮ್ಯಾಕ್ರೊಗಳನ್ನು ಮೈಕ್ರೊಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ನಮ್ಮ ಕಚೇರಿಯಲ್ಲಿದ್ದದ್ದು ಹಳೆಯ ಆಫೀಸ್.

ಮರುಪಾಠ

ಅದೇ ತರಗತಿಗೆ ಅದೇ ಪ್ರಶಿಕ್ಷಣಾರ್ಥಿ ಎರಡನೆಯ ಪಾಠ ಮಾಡಿದರು. ಈ ಸಲ ಕಂಪ್ಯೂಟರ್ ಕೊಠಡಿಗೆ ಹೋಗಲೇ ಇಲ್ಲ. ಬೆಂಚಿನ ನಾಲ್ಕು ಸಾಲುಗಳಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಹೆಸರಿಟ್ಟೆವು. ಪ್ರತಿ ಸಾಲಿನ ಕೊನೆಯಲ್ಲಿ ಒಬ್ಬ ಅಂಚೆ ಮಾಸ್ತರ, ಅವನ ಕೈಯಲ್ಲಿ ಆಲೂಗಡ್ಡೆ ಕೊರೆದು ಮಾಡಿದ ಮುದ್ರೆ, ಶಾಯಿಯಲ್ಲಿ ಅದ್ದಿದ ಬಟ್ಟೆ. ಮೇಜು ದೇವರ ಹಿಪ್ಪರಗಿಯ ಅಂಚೆ ಕಚೇರಿ. ಮಕ್ಕಳು ಹಳೆಯ ಕಾಗದದಿಂದ ಮಾಡಿದ ಲಕೋಟೆಗಳಲ್ಲಿ ಒಬ್ಬರಿಗೊಬ್ಬರು ಚೀಟಿ ಬರೆದರು. ಮುದ್ದೇಬಿಹಾಳದ ಸಾಲಿನ ಒಬ್ಬ ಹುಡುಗನಿಗೆ ಮಾತ್ರ ಮೊದಲೇ ಗುಟ್ಟಾಗಿ ಹೇಳಿದ್ದೆವು: ನೀನು ಸೋಂಕು ತಗುಲಿದವನು, ಐದು ಲಕೋಟೆ ಬರೆ, ‘ಇಂದ’ ಎಂಬಲ್ಲಿ ನಿನ್ನ ಹೆಸರು ಬಿಟ್ಟು ಇಂಡಿಯವರ ಹೆಸರು ಹಾಕು.

ಹಿಪ್ಪರಗಿಯ ಮೇಜಿನಲ್ಲಿ ಕುಳಿತ ಇಬ್ಬರು ಲಕೋಟೆಗಳನ್ನು ವಿಂಗಡಿಸುತ್ತಾ, ಇಂಡಿಯ ಹೆಸರು ಮತ್ತು ಮುದ್ದೇಬಿಹಾಳದ ಮುದ್ರೆ ಇರುವ ಐದನ್ನು ಬೇರೆ ಇಟ್ಟು “ಕಳ್ಳ ಸಿಕ್ಕ” ಎಂದು ಕೂಗಿದರು. ಆಗ ಅದೇ ಹುಡುಗಿ ಮತ್ತೆ ಎದ್ದಳು. “ನಮ್ಮ ಕಾಕಾ ಇಂಡ್ಯಾಗ ಇರ್ತಾರ್ರಿ. ಮುದ್ದೇಬಿಹಾಳಕ್ಕ ಹೋದಾಗ ಅಲ್ಲಿಂದನ ಪತ್ರ ಹಾಕಿದ್ರ ಅವ್ರೂ ಕಳ್ಳರೇನ್ರಿ?”

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ನಗಲಿಲ್ಲ, ಅದಕ್ಕಾಗಿ ಅವರಿಗೆ ಪೂರ್ಣ ಅಂಕ ಕೊಟ್ಟೆ. ಎಸ್‌ಪಿಎಫ್‌ನ ದೊಡ್ಡ ದೌರ್ಬಲ್ಯವನ್ನು ಆ ಹುಡುಗಿ ಪರಿಭಾಷೆಯ ಹಂಗಿಲ್ಲದೆ ಹೇಳಿದ್ದಳು. ಮೇಲನ್ನು ಯಾರಾದರೂ ತಮ್ಮ ಬೇರೊಂದು ಖಾತೆಗೆ ತಾನಾಗಿಯೇ ಹೋಗುವಂತೆ ಇಟ್ಟುಕೊಂಡಿದ್ದರೆ, ನಿಜವಾದ ಮೇಲ್ ಕೂಡ ಬೇರೆ ಅಂಚೆ ಕಚೇರಿಯಿಂದ ಬಂದಂತೆ ಕಂಡು ಅನುಮಾನಕ್ಕೆ ಸಿಗುತ್ತದೆ. ಮುದ್ರೆಯ ಜೊತೆಗೆ ಅರಗೂ ಬೇಕಾದದ್ದು ಇದಕ್ಕೇ. ಮಕ್ಕಳೇ ಪರಿಹಾರ ಸೂಚಿಸಿದರು: ಕಾಕಾ ಲಕೋಟೆಯ ಅಂಟಿನ ಮೇಲೆ ಸಹಿ ಮಾಡಲಿ. ಮತ್ತೊಬ್ಬ, “ಕಾಕಾಗ ಫೋನ್ ಹಚ್ಚಿ ಕೇಳೂದು” ಎಂದ. ನಾವು ಮೊದಲ ದಿನ ಹಲಗೆಯ ಮೇಲೆ ಬರೆಯಬೇಕಾಗಿದ್ದ ಸಾಲು ಅದು: ಗುರುತಿನವರಿಂದ ಬಂದ ಮೇಲ್ ವಿಚಿತ್ರವಾಗಿ ಕಂಡರೆ, ಅದಕ್ಕೇ ಉತ್ತರಿಸಿ ಕೇಳದೆ, ಬೇರೆ ದಾರಿಯಲ್ಲಿ ಕೇಳು. ಉತ್ತರಿಸಿದರೆ ಅದು ಹೋಗುವುದು ಕದ್ದವರ ಕೈಗೇ ಆಗಿರಬಹುದು.

ಆಲೂಗಡ್ಡೆಯ ಮುದ್ರೆಗಳು ಹತ್ತು ನಿಮಿಷಕ್ಕೆ ನೀರೊಡೆದು ಸಿಂದಗಿ ಯಾವುದು ಇಂಡಿ ಯಾವುದು ತಿಳಿಯದಂತಾಯಿತು. ಅಳಿಸುವ ರಬ್ಬರಿನಲ್ಲಿ ಕೊರೆದರೆ ಒಳ್ಳೆಯದು. 40 ನಿಮಿಷದ ಅವಧಿಯಲ್ಲಿ ಇದು ಮುಗಿಯುವುದಿಲ್ಲ, ಎರಡು ಅವಧಿ ಕೇಳಿ ಪಡೆಯಬೇಕು. ಮೊದಲನೆಯದರಲ್ಲಿ ಹೆಸರು, ವಿಳಾಸ, ಮುದ್ರೆ ಇಷ್ಟೇ ಸಾಕು. ಎಂಟನೆಯ ತರಗತಿಗೆ ಮಾಡುವವರು ಅರಗಿನ ವಿಷಯ ಬಿಡಬಹುದು, ಆದರೆ ‘ನಾಳೆ ಬಾ’ ಬಿಡಬೇಡಿ. ಸೋಂಕಿನ ಪಾತ್ರಕ್ಕೆ ತರಗತಿಯಲ್ಲಿ ಎಲ್ಲರೂ ಇಷ್ಟಪಡುವ ಮಗುವನ್ನೇ ಆರಿಸಿ. ನಾವು ಹಾಗೆ ಮಾಡಿದ್ದರಿಂದ, ಗುಟ್ಟು ಹೊರಬಿದ್ದಾಗ ಮಕ್ಕಳು ಅವನನ್ನು ಬೈಯದೆ “ನಿನಗ ಗೊತ್ತಿತ್ತೇನೋ?” ಎಂದು ಕೇಳಿದರು. ನಿಜವಾದ ಸೋಂಕಿನಲ್ಲಿ ಗೊತ್ತಿರುವುದಿಲ್ಲ ಎಂಬ ಮಾತು ಅಲ್ಲಿಂದ ಸುಲಭವಾಗಿ ಹೊರಟಿತು.

ಕಚೇರಿಯ ಕಂಪ್ಯೂಟರನ್ನು ನಾವು ಇಂಟರ್ನೆಟ್‌ನಿಂದ ಕಿತ್ತು, ಬೇಕಾದ ಕಡತಗಳನ್ನು ಮಾತ್ರ ತಪಾಸಣೆ ಮಾಡಿ ಉಳಿಸಿಕೊಂಡು, ಪೂರ್ತಿ ಅಳಿಸಿ ಮತ್ತೆ ಹಾಕಿಸಿದೆವು. ಪಾಸ್‌ವರ್ಡ್‌ಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ಕುಳಿತು ಬದಲಾಯಿಸಿದೆವು; ಸೋಂಕಿನ ಕಂಪ್ಯೂಟರಿನಲ್ಲೇ ಬದಲಾಯಿಸಿದರೆ ಹೊಸದೂ ಕದ್ದವರಿಗೆ ಸಿಗುತ್ತದೆ. ಎರಡು ಹಂತದ ದೃಢೀಕರಣ ಹಾಕಿದೆವು. ನಮ್ಮ ವಿಳಾಸ ಪುಸ್ತಕದಲ್ಲಿದ್ದ ಶಾಲೆಗಳಿಗೆಲ್ಲ ಮೇಲ್ ಮಾಡದೆ ಫೋನ್ ಮಾಡಿ ತಿಳಿಸಿದೆವು. ಆ ಶಾಲೆಯ ಮೇಲ್ ತೆರೆದು ಸೆಟ್ಟಿಂಗ್‌ನಲ್ಲಿ ಫಿಲ್ಟರನ್ನು ಹುಡುಕಿ ತೆಗೆದದ್ದು ಆರು ಪ್ರಶಿಕ್ಷಣಾರ್ಥಿಗಳಲ್ಲೇ ಒಬ್ಬರು, ಕಸದ ಬುಟ್ಟಿಯಲ್ಲಿ ನಮ್ಮ ಪತ್ರ ಇನ್ನೂ ಇತ್ತು. ಜಿಮೇಲ್ ಅದನ್ನು 30 ದಿನ ಇಟ್ಟುಕೊಳ್ಳುತ್ತದೆ. ಈ ವರ್ಷದ ಇಂಟರ್ನ್‌ಶಿಪ್ ಪಟ್ಟಿಯನ್ನು ಮೇಲ್ ಮಾಡಿದ ಮೇಲೆ ಮುದ್ರಿಸಿ, ಕಾಲೇಜಿನ ಸೀಲು ಒತ್ತಿ, ಪ್ರಶಿಕ್ಷಣಾರ್ಥಿಗಳ ಕೈಯಲ್ಲೂ ಕೊಟ್ಟು ಕಳುಹಿಸಿದ್ದೇವೆ.